ತೊಳೆದು ಕೊಟ್ಟ ಗಾಜು

ನನಗೆ ಹುಟ್ಟಿನಿಂದಲೇ ಹೇಸಿಗೆ ಜಾಸ್ತಿ. ಹಾಲಿನ ಕೆನೆ ತುಟಿಗೆ ತಾಗಿದರೆ ಈಗಲೂ ಹೊಟ್ಟೆ ತೊಳಸುತ್ತದೆ. ಒಬ್ಬರು ಒರೆಸಿಕೊಂಡ ಟವೆಲಿನಲ್ಲಿ ಮುಖ ಒರೆಸಿಕೊಳ್ಳಲಾರೆ, ಬಸ್ಸಿನ ಕಂಬಿ ಹಿಡಿದ ಕೈಯಲ್ಲಿ ಕಡಲೆಕಾಳು ತಿನ್ನಲಾರೆ. ಚಿಕ್ಕವಳಿದ್ದಾಗ ನಮ್ಮವ್ವ, "ಇಷ್ಟ ಹೇಸಿಗಿ ಮಾಡೂ ಹುಡುಗಿ ನಾಳೆ ನಿನ್ನ ಮಕ್ಕಳ ಕುಂಡಿ ಹೆಂಗ ತೊಳಿತೀಯ ಬೇ?" ಎಂದು ಬೈಯುತ್ತಿದ್ದಳು. ಅವ್ವ ಸ್ವಲ್ಪ ಕಡಿಮೆಯೇ ಊಹಿಸಿದಳು. ಮುಂದೆ ನಾನು ಐದು ತಾಲೂಕಿನ ಮಂದಿಯ ಮಲ, ಮೂತ್ರ, ಕಫ, ಕೀವುಗಳನ್ನು ದಿನಾ ಬೆಳಗ್ಗೆ ಮೂಗಿನ ಕೆಳಗೆ ಇಟ್ಟುಕೊಂಡು ಕೂರುವವಳಾದೆ.

ಓದಿದ್ದು ಪೆಥಾಲಜಿ. ದೇಹದಿಂದ ತೆಗೆದ ಚೂರನ್ನೋ ಹನಿಯನ್ನೋ ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗದ ಹೆಸರು ಹೇಳುವ ವಿದ್ಯೆ. ನಾನು ಆಸೆಪಟ್ಟು ಆರಿಸಿದ್ದಲ್ಲ. ಗಂಡಸರೆಲ್ಲ ಬೇಕಾದದ್ದು ಆರಿಸಿಕೊಂಡ ಮೇಲೆ ಹೆಂಗಸರಿಗೆ ಉಳಿದ ಸೀಟು ಅದು. ಮುಂಬಯಿಯಲ್ಲಿ ಓದು ಮುಗಿಸಿ ಎಂಬತ್ತರ ದಶಕದ ನಡುವಿನಲ್ಲಿ ಚಿಕ್ಕೋಡಿಗೆ ಬಂದು, ಬಸ್ ನಿಲ್ದಾಣದ ಎದುರು ಒಂದು ಅರಿವೆ ಅಂಗಡಿಯ ಮೇಲೆ ಲ್ಯಾಬ್ ತೆರೆದೆ. ಮಂದಿ ಮಲವನ್ನು ಕಡ್ಡಿಪೆಟ್ಟಿಗೆಯಲ್ಲಿ ತುಂಬಿ ತರುತ್ತಿದ್ದರು. ಕೆಲವರು ಕಡ್ಡಿಗಳನ್ನು ಹೊರಗೆ ತೆಗೆಯುತ್ತಲೂ ಇರಲಿಲ್ಲ. ನಿಪ್ಪಾಣಿಯವರು ತಂಬಾಕಿನ ಡಬ್ಬಿಯಲ್ಲಿ ತಂದ ಕಫದೊಳಗೆ ಕ್ಷಯದ ಕ್ರಿಮಿಗಿಂತ ತಂಬಾಕಿನ ಪುಡಿಯೇ ಹೆಚ್ಚು ಕಾಣುತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನನ್ನ ಕೈಗೆ ಆಗುತ್ತಿದ್ದದ್ದು ಕೆಸರಲ್ಲವಾದ್ದರಿಂದ ಮೊಸರಿನ ಆಸೆಯನ್ನೇ ಬಿಟ್ಟಿದ್ದೆ. ಆ ಮೆಟ್ಟಿಲು ಹತ್ತಿದರೆ ಮನೆಗೆ ಹೋಗುವ ತನಕ ಒಂದು ಲೋಟ ಚಹಾ ಕೂಡ ಕುಡಿಯುತ್ತಿರಲಿಲ್ಲ.

ಆದರೆ ಒಂದು ಕೆಲಸ ಮಾತ್ರ ನನಗೆ ಹೇಸಿಗೆ ಅನ್ನಿಸುತ್ತಿರಲಿಲ್ಲ. ಅದು ಗಡ್ಡೆಗೆ ಸೂಜಿ ಹಾಕುವ ಕೆಲಸ. ತೆಳ್ಳಗಿನ ಉದ್ದ ಸೂಜಿಯನ್ನು ಗಡ್ಡೆಯೊಳಗೆ ಇಳಿಸಿ, ಸಿರಿಂಜನ್ನು ಎಳೆದು ಹಿಡಿದು, ಎರಡು ಸಲ ಹಿಂದೆ ಮುಂದೆ ಆಡಿಸಿ ಹೊರಗೆ ತೆಗೆದರೆ ಅದರ ಕೊಳವೆಯಲ್ಲಿ ಒಂದೇ ಒಂದು ಹನಿ ಉಳಿಯುತ್ತದೆ. ಆ ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಉದುರಿಸಿ, ಇನ್ನೊಂದು ಗಾಜಿನಿಂದ ತೆಳುವಾಗಿ ಸವರಿ, ಒಣಗಿಸಿ, ಬಣ್ಣ ಹಾಕಿದರೆ ಸಾಕು. ಹೊಟ್ಟೆ ಕೊಯ್ಯದೆಯೇ ಹೊಟ್ಟೆಯೊಳಗೆ ಯಾರು ಕೂತಿದ್ದಾರೆ ಎಂದು ಗೊತ್ತಾಗುತ್ತದೆ. ಮುಂಬಯಿಯ ನನ್ನ ಗುರುಗಳು ಈ ವಿದ್ಯೆ ಕಲಿಸಿದ್ದರು. ನಮ್ಮ ಕಡೆ ಆಗ ಅದನ್ನು ಬಲ್ಲವರು ಕಡಿಮೆ, ನಂಬುವವರು ಇನ್ನೂ ಕಡಿಮೆ.

ಮಕ್ಕಳ ಹೊಟ್ಟೆಯ ಗಡ್ಡೆ ಅಪರೂಪದ ರೋಗ. ಅಪರೂಪವಾದ್ದರಿಂದಲೇ ಯಾರಿಗೂ ನೆನಪಾಗುತ್ತಿರಲಿಲ್ಲ. ಕಡ್ಡಿಯಂಥ ಕೈಕಾಲು, ಗಡಿಗೆಯಂಥ ಹೊಟ್ಟೆಯ ಮಗು ಬಂದರೆ ಮೊದಲು ಜಂತಿನ ಔಷಧಿ, ಆಮೇಲೆ ಇನ್ನೂ ಜಾಸ್ತಿ ಜಂತಿನ ಔಷಧಿ, ಆಮೇಲೆ ಕ್ಷಯದ ಗಂಟು ಎಂದು ಹೆಸರು. ಮೂತ್ರಪಿಂಡದಿಂದ ಹುಟ್ಟುವ ಗಡ್ಡೆ ಬೇರೆ, ಅದರ ತಲೆಯ ಮೇಲಿನ ಗ್ರಂಥಿಯದು ಬೇರೆ, ಯಕೃತ್ತಿನದು ಬೇರೆ. ಒಂದಕ್ಕೆ ಮೊದಲು ಕತ್ತರಿ, ಇನ್ನೊಂದಕ್ಕೆ ಮೊದಲು ಔಷಧಿ. ಹೊರಗಿನಿಂದ ಎಲ್ಲವೂ ಒಂದೇ ಉಬ್ಬು. ಒಳಗಿನ ಕೋಶಗಳೂ ನೋಡುವವರಿಗೆ ಅಭ್ಯಾಸವಿಲ್ಲದಿದ್ದರೆ ಒಂದೇ ತೆರನ ಸಣ್ಣ ದುಂಡು ನೀಲಿ ಕಾಳುಗಳು.

ಊರಿನಲ್ಲಿ ಒಬ್ಬ ಸರ್ಜನ್ ಇದ್ದ. ಕೈ ಚುರುಕು, ಬಾಯಿ ಇನ್ನೂ ಚುರುಕು. ನನ್ನ ಸೂಜಿಯ ಹೆಸರೆತ್ತಿದರೆ ನಗುತ್ತಿದ್ದ. "ಅಹೋ ಮ್ಯಾಡಮ್, ಅಂಗೈ ಹುಣ್ಣಿಗೆ ಕನ್ನಡಿ ಯಾಕ್ರೀ? ಹೊಟ್ಟಿ ತಗದ ನೋಡಿದ್ರ ಆತು." ಹಾಗೆ ಅವನು ತೆಗೆದು ನೋಡಿದ ಒಂದು ಹೊಟ್ಟೆ ರಾಯಬಾಗ ಕಡೆಯ ಒಬ್ಬ ಸಣ್ಣ ಹುಡುಗನದು. ಒಳಗೆ ಕೈ ಹಾಕಿದ್ದಾನೆ, ಗಡ್ಡೆ ಒಡೆದಿದೆ, ರಕ್ತ ನಿಲ್ಲಲಿಲ್ಲ, ಒಂದು ತುಂಡು ಕಿತ್ತು ಹೊಟ್ಟೆ ಹೊಲಿದಿದ್ದಾನೆ. ಆ ತುಂಡನ್ನು ನನಗೆ ಕಳಿಸಿದ್ದು ಉಪ್ಪಿನಕಾಯಿ ಬಾಟಲಿಯಲ್ಲಿ. ಕೆಡದಂತೆ ಫಾರ್ಮಲಿನ್ ಹಾಕಬೇಕು, ಅವನು ನಳದ ನೀರು ಹಾಕಿದ್ದ. ಬೇಸಿಗೆಯ ಬಿಸಿಲಿನಲ್ಲಿ ಅದು ಎರಡು ದಿನ ಯಾರದೋ ಕಿಟಕಿಯಲ್ಲಿ ಕೂತು ಬಂದಿತ್ತು. ಮುಚ್ಚಳ ತೆಗೆದೆ. ಕೆಳಗಿನ ಅರಿವೆ ಅಂಗಡಿಯವರು ಮೇಲೆ ಓಡಿ ಬಂದರು. ಒಳಗಿದ್ದದ್ದು ಗಡ್ಡೆಯಲ್ಲ, ಅಂಬಲಿ. ನೋಡಲು ಒಂದು ಕೋಶವೂ ಉಳಿದಿರಲಿಲ್ಲ. ಹುಡುಗ ಆ ವರ್ಷದ ಕಬ್ಬಿನ ಹಂಗಾಮು ನೋಡಲಿಲ್ಲ. ಕೇಳಿದರೆ ಸರ್ಜನ್, "ಹಣೇಬಾರ" ಎಂದು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ. ಆ ಬಾಟಲಿಯ ವಾಸನೆ ಎರಡು ದಿನಕ್ಕೆ ಹೋಯಿತು, ಈ ಮಾತಿನದು ಇನ್ನೂ ಹೋಗಿಲ್ಲ.

ಅದರ ಮರುವರ್ಷ ಶೇಡಬಾಳದಿಂದ ಒಬ್ಬ ರೈತ ಬಂದ. ಜೈನರ ಮನೆತನ, ದ್ರಾಕ್ಷಿಯೂ ಕಬ್ಬೂ ಇದ್ದ ಹೊಲ. ಮಗಳ ಮೂತ್ರ ಕೆಂಪಾಗಿದೆ, ಪರೀಕ್ಷೆ ಮಾಡಿರಿ ಎಂದ. ಅವನು ಮೇಜಿನ ಮೇಲಿಟ್ಟ ಬಾಟಲಿ ನೋಡಿ ನಾನು ಕನ್ನಡಕ ಸರಿಮಾಡಿಕೊಂಡೆ. ಕೆಮ್ಮಿನ ಔಷಧಿಯ ಬಾಟಲಿ, ಆದರೆ ಚೀಟಿ ಕೆರೆದು, ಬೂದಿಯಲ್ಲಿ ತಿಕ್ಕಿ, ಬಿಸಿನೀರಿನಲ್ಲಿ ತೊಳೆದು, ಬಾಯಿಗೆ ಬಿಳಿ ಅರಿವೆ ಕಟ್ಟಿದ್ದು. ಲ್ಯಾಬ್ ತೆರೆದಾಗಿನಿಂದ ಅಷ್ಟು ಸ್ವಚ್ಛ ಬಾಟಲಿ ಕಂಡಿರಲಿಲ್ಲ.

"ಯಾರ ತೊಳದವರು?" ಎಂದೆ.

"ನಮ್ಮವ್ವ ರೀ. ಆಕೀಗಿ ಎಲ್ಲಾ ಲಕಲಕ ಅನಬೇಕ್ರಿ," ಎಂದ.

ನನ್ನಂಥದೇ ಒಂದು ಜೀವ ಕೃಷ್ಣೆಯ ಆ ದಂಡೆಯಲ್ಲೂ ಇದೆಯಲ್ಲ ಎಂದು ಆ ಗಳಿಗೆಗೆ ನನಗೆ ಖುಷಿಯಾಯಿತು. ಮೂತ್ರದ ತುಂಬ ರಕ್ತದ ಕಣಗಳಿದ್ದವು. ಮಗುವನ್ನು ಕರೆದುಕೊಂಡು ಬಾ ಎಂದೆ. ಮಗು ಕೆಳಗೇ ಇತ್ತು, ಅಂಗಡಿಯ ಕಟ್ಟೆಯ ಮೇಲೆ ಅಜ್ಜಿಯ ತೊಡೆಯಲ್ಲಿ. ನಾಲ್ಕು ವರ್ಷದ ಹೆಣ್ಣುಮಗು. ಅಜ್ಜಿ ಬಿಳಿ ಸೀರೆಯವಳು, ಕುರ್ಚಿಯ ಮೇಲೆ ಕೂರುವ ಮೊದಲು ತನ್ನ ಸೆರಗಿನಿಂದ ಅದನ್ನು ಒರೆಸಿದಳು. ನನ್ನ ಕುರ್ಚಿಯನ್ನು!

ಮಗುವಿನ ಲಂಗದ ಲಾಡಿ ಬಿಚ್ಚಿದರೆ ಔಡಲೆಣ್ಣೆಯ ವಾಸನೆ ಗಪ್ಪನೆ ಬಡಿಯಿತು. ಎಡಗಡೆ ಪಕ್ಕೆಯ ಕೆಳಗೆ ನುಣ್ಣನೆಯ ಗಟ್ಟಿ ಉಬ್ಬು. ಚರ್ಮ ತಿಕ್ಕಿ ತಿಕ್ಕಿ ಕೆಂಪಾಗಿತ್ತು.

"ಬಟ್ಟಿ ಸರದೈತಿ ಯವ್ವಾ," ಎಂದಳು ಅಜ್ಜಿ. ಹೊಕ್ಕುಳ ಜಾಗ ಬಿಟ್ಟು ಸರಿದಿದೆ ಎನ್ನುವುದಕ್ಕೆ ನಮ್ಮ ಕಡೆಯ ಮಾತು ಅದು. "ದಿನಾ ಮುಂಜಾನೆ ಎಣ್ಣಿ ಹಚ್ಚಿ ತಿಕ್ಕಿ ತಿಕ್ಕಿ ಜಾಗಾಕ್ಕ ಕೂಡಸಾಕತ್ತೀನಿ. ಈ ಬಟ್ಟಿ ಭಾಳ ಹಟಮಾರಿ ಐತಿ."

ಇದು ಮೂತ್ರಪಿಂಡದ್ದೇ ಇರಬೇಕೆಂದು ನನಗೆ ಅನುಮಾನ ಬಂತು. ಮೂತ್ರಪಿಂಡದ ಆ ಗಡ್ಡೆ ತೆಳು ಸಿಪ್ಪೆಯೊಳಗೆ ತುಂಬಿಟ್ಟ ಹಣ್ಣಿನ ಹಾಗೆ. ಡಾಕ್ಟರು ಕೂಡ ಅದನ್ನು ಸುಮ್ಮಸುಮ್ಮನೆ ಒತ್ತಿ ನೋಡಬಾರದು ಎಂದು ನಮಗೆ ಕಲಿಸಿದ್ದರು. ಇವಳು ಬೆಳಗ್ಗೆ ಬೆಳಗ್ಗೆ ರೊಟ್ಟಿ ಹಿಟ್ಟು ನಾದಿದಂತೆ ನಾದಿದ್ದಾಳೆ.

"ಆಯಿ, ಇನ್ನ ಈ ಹೊಟ್ಟಿಗೆ ಕೈ ಹಚ್ಚಬ್ಯಾಡ್ರಿ," ಎಂದೆ. ದನಿ ಎತ್ತಿಯೇ ಹೇಳಿದೆ. ಅಜ್ಜಿ ಮಗುವಿನ ಲಾಡಿ ಕಟ್ಟುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

ಗಡ್ಡೆಗೆ ಕಬ್ಬಿಣ ತಾಗಿದರೆ ಅದು ಸಿಟ್ಟಿಗೆದ್ದು ಮೈತುಂಬ ಹರಡುತ್ತದೆ ಎಂಬ ಮಾತು ನಮ್ಮ ಕಡೆ ಮನೆ ಮನೆಯಲ್ಲೂ ಇದೆ. ನಾನು ಎಷ್ಟೋ ಮಂದಿಯೊಡನೆ ಜಗಳಾಡಿದ್ದೇನೆ. ಈ ಒಂದು ಗಡ್ಡೆಯ ವಿಷಯದಲ್ಲಿ ಆ ಮಾತು ಪೂರಾ ಸುಳ್ಳೂ ಅಲ್ಲ. ಸೂಜಿ ಹಾಕಬೇಕೋ ಬೇಡವೋ ಎಂದು ದೊಡ್ಡವರಲ್ಲೇ ಒಮ್ಮತವಿರಲಿಲ್ಲ. ಆದರೆ ಸೂಜಿ ಹಾಕದಿದ್ದರೆ ಈ ಮಗು ಯಾರ ಕೈಗೆ ಹೋಗುತ್ತದೆಂದು ನನಗೆ ಗೊತ್ತಿತ್ತು. ಆ ಮನೆಗೆ ಆ ಸರ್ಜನ್ನೇ ಡಾಕ್ಟರು. ಕ್ಷಯದ ಗಂಟು, ಹೊಟ್ಟೆ ತೆಗೆಯಬೇಕು ಎಂದು ಆಗಲೇ ಹೇಳಿಯೂ ಆಗಿತ್ತು. ಉಪ್ಪಿನಕಾಯಿ ಬಾಟಲಿ ನನ್ನ ಕಣ್ಣ ಮುಂದೆ ಬಂತು. ತಂದೆಯನ್ನು ಒಪ್ಪಿಸಿ, ಹೊಟ್ಟೆಯ ಕಡೆ ಹೋಗದೆ ಬೆನ್ನಿನ ಕಡೆಯಿಂದ ಸೂಜಿ ಇಳಿಸಿದೆ. ಮಗು ಒಮ್ಮೆ ಕಿರುಚಿ, ಆಮೇಲೆ ನನ್ನ ಬೆರಳು ಕಚ್ಚಿತು. ಮಗುವಿನ ಎಂಜಲು ನನಗೆ ಆಗಿಬರುವುದಿಲ್ಲ, ಆದರೂ ಬೆರಳು ಬಿಡಿಸಿಕೊಳ್ಳಲಿಲ್ಲ.

ಮೂರು ಗಾಜು ಸವರಿದೆ. ಒಂದಕ್ಕೆ ಬಣ್ಣ ಹಾಕಿ ನೋಡಿದೆ. ಗುಂಪು ಗುಂಪಾಗಿ ಸಣ್ಣ ನೀಲಿ ಕೋಶಗಳು. ಕೆಲವು ಕಡೆ ಅವು ಒಂದರ ಪಕ್ಕ ಒಂದು ನಿಂತು ಕೊಳವೆ ಕಟ್ಟುವ ಪ್ರಯತ್ನ ಮಾಡಿದ್ದವು, ಮೂತ್ರಪಿಂಡವಾಗಲು ಹೊರಟು ದಾರಿ ತಪ್ಪಿದವರ ಹಾಗೆ. ನಡುನಡುವೆ ಉದ್ದನೆಯ ಎಳೆಯಂಥ ಕೋಶಗಳು. ಅನುಮಾನವೇ ಇರಲಿಲ್ಲ. ಇದು ಗೆಲ್ಲಬಹುದಾದ ಗಡ್ಡೆ. ಬಲ್ಲವರು ಇಡಿಯಾಗಿ, ಒಡೆಯದಂತೆ ತೆಗೆದು, ಆಮೇಲೆ ಔಷಧಿ ಕೊಟ್ಟರೆ ಮಗು ಬದುಕುತ್ತದೆ. ಹೊಟ್ಟೆಯೊಳಗೆ ಒಡೆದರೆ ಆ ಮಾತು ಹೇಳಲು ಬರುವುದಿಲ್ಲ.

ಸರ್ಜನ್ನಿಗೆ ಹೇಳಿದೆ. ಅವನು ಉರಿದುಬಿದ್ದ. ನನ್ನ ಪೇಶಂಟಿಗೆ ನನ್ನ ಕೇಳದೆ ಸೂಜಿ ಹಾಕಿ ಗಡ್ಡೆ ಕೆರಳಿಸಿದಳು ಎಂದು ಅವರ ಮನೆಯವರ ಮುಂದೆಯೇ ಕೂಗಾಡಿದ. ತಂದೆ ಬಡಪಾಯಿ, ಯಾರ ಮುಖ ನೋಡಬೇಕೆಂದು ತಿಳಿಯದೆ ನಿಂತಿದ್ದ. ಕಡೆಗೆ ನಾನೇ ಒಂದು ದಾರಿ ಹೇಳಿದೆ. ಬಣ್ಣ ಹಾಕದ ಎರಡು ಗಾಜನ್ನು ಮುಂಬಯಿಯ ನನ್ನ ಗುರುಗಳಿಗೆ ತೋರಿಸಿ. ಅವರು ತಮ್ಮ ಬಣ್ಣ ಹಾಕಿ ಏನು ಹೇಳುತ್ತಾರೋ ಅದನ್ನು ಎಲ್ಲರೂ ಒಪ್ಪೋಣ. ಸರ್ಜನ್ ಮೀಸೆಯಡಿ ನಕ್ಕು, "ಹೋಗಿ ಬರ್ಲಿ. ಗಡ್ಡಿ ಎಲ್ಲಿಗೆ ಓಡಿ ಹೋಗತೈತಿ?" ಎಂದ.

ಎರಡು ಗಾಜನ್ನು ರಟ್ಟಿನ ನಡುವೆ ಇಟ್ಟು, ಕಾಗದ ಸುತ್ತಿ ತಂದೆಯ ಕೈಗೆ ಕೊಟ್ಟೆ. ಬೀಳಬಾರದು, ಒಡೆಯಬಾರದು, ಬಿಸಿಲಿಗೆ ಇಡಬಾರದು ಎಂದು ಮೂರು ಸಲ ಹೇಳಿದೆ. ತೊಳೆಯಬಾರದು ಎಂದು ಹೇಳಬೇಕೆಂಬುದು ಯಾರಿಗಾದರೂ ಹೊಳೆಯುತ್ತದೆಯೇ?

ವಾರದ ಮೇಲೆ ಅವನು ಹಿಂದಿರುಗಿದ. ಮೊದಲು ಸರ್ಜನ್ನಿನ ಹತ್ತಿರ ಹೋಗಿ, ಆಮೇಲೆ ನನ್ನಲ್ಲಿಗೆ ಬಂದ. ಮುಖ ಕೆಳಗಿತ್ತು. ಗುರುಗಳು ಗಾಜುಗಳ ಜೊತೆ ಮರಳಿ ಕಳಿಸಿದ ಚೀಟಿಯಲ್ಲಿ, ಬಣ್ಣ ಹಾಕಲು ಇದರ ಮೇಲೆ ಒಂದು ಕೋಶವೂ ಇಲ್ಲ, ಏನು ಕಳಿಸಿದ್ದೀಯ ಎಂದಿತ್ತು. ಸರ್ಜನ್ನಿಗೆ ಹಬ್ಬ. ಮ್ಯಾಡಮ್ ಬರೀ ಕಾಜು ಕಳಿಸ್ಯಾರ, ಅವರ ಸೂಜಿ ಗಡ್ಡಿಗೆ ತಾಗೇ ಇಲ್ಲ ಎಂದು ನಕ್ಕು, ಅಮವಾಸ್ಯೆ ಕಳೆದ ಮೇಲೆ ಹೊಟ್ಟೆ ತೆಗೆಯೋಣ ಎಂದು ದಿನ ಗೊತ್ತು ಮಾಡಿದ್ದ. ಅಮವಾಸ್ಯೆಗೆ ಒಂದು ವಾರವೂ ಇರಲಿಲ್ಲ.

ನಾನು ಗಾಜುಗಳನ್ನು ಬೆಳಕಿಗೆ ಹಿಡಿದೆ. ಫಳಫಳ ಹೊಳೆಯುತ್ತಿದ್ದವು. ಅಂಗಡಿಯಿಂದ ತಂದ ಹೊಸ ಗಾಜು ಕೂಡ ಹಾಗಿರುವುದಿಲ್ಲ. ಅಂಚಿನಲ್ಲಿ ಬೆರಳಾಡಿಸಿದರೆ ಬೂದಿಯ ಸಣ್ಣ ಹರಳು ಸಿಕ್ಕಿತು. ಮೂಸಿದೆ. ಸೀಗೆಕಾಯಿ. ಬಿಳಿ ಅರಿವೆ ಕಟ್ಟಿದ ಆ ಬಾಟಲಿ ನೆನಪಾಗಿ ನನ್ನ ಮೈಯೆಲ್ಲ ಉರಿಯಿತು. ಅಷ್ಟು ಸಿಟ್ಟು, ಅಷ್ಟು ಅಸಹ್ಯ ನನಗೆ ಯಾವ ಕೊಳೆತ ಗಡ್ಡೆಯ ಮೇಲೂ ಬಂದಿರಲಿಲ್ಲ. ಲ್ಯಾಬಿನ ಬಾಗಿಲು ಹಾಕಿ ಅವನ ಜೊತೆಯಲ್ಲೇ ಕಾಗವಾಡದ ಬಸ್ಸು ಹತ್ತಿದೆ.

ಹಂಗಾಮಿನ ದಿನ. ಕೃಷ್ಣೆ ದಾಟಿ ಶಿರಗುಪ್ಪಿಯ ಕಡೆ ತಿರುಗಿದರೆ ಸಕ್ಕರೆ ಕಾರ್ಖಾನೆಯ ಹುಳಿ ನಾತ ಬಸ್ಸಿನೊಳಗೇ ಬಂದು ಕೂತಿತು. ಪಕ್ಕದವನು ಕಬ್ಬು ಜಗಿದು ಸಿಪ್ಪೆಯನ್ನು ನನ್ನ ಕಾಲ ಬಳಿಯೇ ಉಗುಳುತ್ತಿದ್ದ. ನಾನು ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಅಜ್ಜಿಗೆ ಹೇಳಬೇಕಾದ ಬೈಗುಳಗಳನ್ನು ಸಾಲಾಗಿ ಜೋಡಿಸಿಕೊಂಡೆ.

ಅಜ್ಜಿ ಅಂಗಳದಲ್ಲಿ ಹಿತ್ತಾಳೆಯ ಕೊಡ ತಿಕ್ಕುತ್ತಿದ್ದಳು. ಗಾಜು ತೋರಿಸಿ, "ಇದನ್ನ ತೊಳದವರು ಯಾರು?" ಎಂದೆ.

"ನಾನ," ಎಂದಳು, ಹೆಮ್ಮೆಯಿಂದಲೇ. "ಕೂಸಿನ ಹೊಟ್ಟ್ಯಾಗಿಂದ ತಗದದ್ದು ಅಂದ ನಮ್ಮ ಹುಡುಗ. ರಕ್ತಾ ಮಾಂಸಾ ನಮ್ಮ ಮನ್ಯಾಗ ಹೆಂಗ ಇಡೂದು? ಬಸದಿಗಿ ಹೋಗೂ ಮಂದಿ ನಾವು. ಮತ್ತ ಮುಂಬಯಿ ಡಾಕ್ಟರ ಮುಂದ ಹೊಲಸ ಕಾಜು ಹಿಡದ ನಿಂತ್ರ ಮನಿ ಮರ್ಯಾದಿ ಏನ ಉಳೀತು? ಬೂದಿ ಹಚ್ಚಿ, ಸೀಗಿಕಾಯಿ ಹಚ್ಚಿ, ಬಿಸಿನೀರಾಗ ತೊಳದ, ಅರಿವ್ಯಾಗ ಒರಸಿ ಇಟ್ಟೀನಿ."

ತಂದೆ ತಲೆಯ ಮೇಲೆ ಕೈ ಹೊತ್ತು ಕಟ್ಟೆಯ ಮೇಲೆ ಕುಸಿದ. ಅವನಿಗೂ ಆಗಲೇ ಗೊತ್ತಾದದ್ದು. ಅವ್ವ ರಟ್ಟಿನೊಳಗೆ ಮರಳಿ ಇಟ್ಟದ್ದನ್ನು ಅವನು ಬಿಚ್ಚಿ ನೋಡಿರಲಿಲ್ಲ.

"ಅದು ಹೊಲಸಲ್ಲ ಆಯಿ," ಎಂದೆ. "ಅದ ರೋಗ. ಅದನ್ನ ನೋಡೂ ಸಲುವಾಗಿ ಮುಂಬಯಿ ತನಕ ಕಳಿಸಿದ್ದೆ. ನೀವು ಅದನ್ನ ಬಚ್ಚಲಕ್ಕ ಹಾಕಿದ್ರಿ. ಈಗ ಅಲ್ಲಿ ಏನೂ ಸಿಗಲಿಲ್ಲ ಅಂತ ನಿಮ್ಮ ಡಾಕ್ಟರ ಕೂಸಿನ ಹೊಟ್ಟಿ ಕೊಯ್ತಾನ. ಅದು ಒಳಗ ಒಡದ್ರ ಕೂಸು ಉಳಿಯಂಗಿಲ್ಲ."

ಅಜ್ಜಿಯ ಕೈಯಲ್ಲಿದ್ದ ಹುಣಸೆಹಣ್ಣು ಕೊಡದ ಮೇಲೆ ಹಾಗೇ ನಿಂತಿತು. "ಹಂಗಾದ್ರ," ಎಂದು ಕೇಳಿದಳು, "ನಾ ದಿನಾ ತಿಕ್ಕಿದ್ದು?"

ಸುಮ್ಮನಿರಬಹುದಾಗಿತ್ತು. ಆದರೆ ನಾನು ಸುಮ್ಮನಿರುವ ಪೈಕಿ ಅಲ್ಲ. "ನೀವು ತಿಕ್ಕಿದ್ದಕ್ಕ ಉಚ್ಚಿ ಕೆಂಪಾಗಿದ್ದು," ಎಂದೆ.

ಅವಳು ಅಳಲಿಲ್ಲ. ಎದ್ದು ಕೈ ತೊಳೆದಳು. ಸೆರಗಿಗೆ ಒರೆಸಿ ಮತ್ತೊಮ್ಮೆ ತೊಳೆದಳು. ಮೂರನೆಯ ಸಲ ತೊಳೆಯುವಾಗ ನನಗೆ ನೋಡಲಾಗಲಿಲ್ಲ, ಯಾಕೆಂದರೆ ಹಾಗೆ ತೊಳೆಯುವುದು ಏನೆಂದು ನನಗೆ ಗೊತ್ತು. ಆಮೇಲೆ ಎದುರಿಗೆ ಬಂದು ನಿಂತು, "ಇನ್ನೊಂದು ಕಾಜು ಐತೇನು ನಿನ್ನ ಕಡೆ?" ಎಂದಳು.

"ಐತಿ. ಅದೊಂದ."

"ಕೊಡು ಯವ್ವಾ. ಕೂಸಿನ್ನೂ ಕರಕೊಂಡು, ಅದನ್ನೂ ತಗೊಂಡು ನಾನ ಹೋಗತೀನಿ. ಅಮಾಸಿಗಿ ಕಾಯೂದ ಬ್ಯಾಡ."

ಬಣ್ಣ ಹಾಕಿದ ಆ ಗಾಜಿಗೆ ಮೇಲೊಂದು ತೆಳು ಗಾಜು ಅಂಟಿಸಿದ್ದೆ; ಅದನ್ನು ಬೂದಿ ಸೀಗೆಕಾಯಿ ಏನೂ ಮಾಡಲಾರವು. ಆದರೂ ಕೊಡುವಾಗ ಈ ಸಲ ತೊಳೆಯಬಾರದು ಎಂದು ಮೂರು ಸಲ ಹೇಳಿದೆ. ಮರುದಿನ ತಂದೆ ಬಂದು ಅದನ್ನು ಒಯ್ದ. ಮುಂದಿನದನ್ನು ಅವನೇ ಎಷ್ಟೋ ತಿಂಗಳ ಮೇಲೆ ನನಗೆ ಹೇಳಿದ್ದು. ಅಜ್ಜಿ ಗಾಜನ್ನು ಮಗನ ಕೈಯಲ್ಲಿ ಬಿಡಲಿಲ್ಲ. ತನ್ನ ಎಲೆ ಅಡಿಕೆಯ ಚಂಚಿಯನ್ನು ಖಾಲಿ ಮಾಡಿ, ಅದರಲ್ಲಿ ಗಾಜಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೈಮೇಲೆ ರಕ್ತ ಮಾಂಸ ಇಟ್ಟುಕೊಂಡು ಅನ್ನ ನೀರು ಮುಟ್ಟಬಾರದು ಎನ್ನುವುದು ಅವಳ ನೇಮ. ಶೇಡಬಾಳದ ನಿಲ್ದಾಣದಲ್ಲಿ ರೈಲು ಹತ್ತಿ, ಮಿರಜಿಯಲ್ಲಿ ಬದಲಿಸಿ, ಮುಂಬಯಿಯಲ್ಲಿ ಗುರುಗಳ ಕೈಗೆ ಗಾಜು ಮುಟ್ಟಿಸುವ ತನಕ ಆ ಮುದುಕಿ ಒಂದು ಗುಟುಕು ನೀರು ಕುಡಿಯಲಿಲ್ಲ. ಮಗ ಕಾಲು ಹಿಡಿದರೂ ಕುಡಿಯಲಿಲ್ಲ. ಗಾಜು ಕೊಟ್ಟವಳೇ ಆಸ್ಪತ್ರೆಯ ನಳದ ಕೆಳಗೆ ಸೀರೆ ಸಮೇತ ಕೂತುಬಿಟ್ಟಳಂತೆ.

ಗುರುಗಳು ನಾನು ಹೇಳಿದ್ದನ್ನೇ ಹೇಳಿದರು. ಗಡ್ಡೆಯನ್ನು ಮೂತ್ರಪಿಂಡದ ಸಮೇತ ಇಡಿಯಾಗಿ ತೆಗೆದರು. ಅಜ್ಜಿ ತಿಂಗಳುಗಟ್ಟಲೆ ಮಗುವಿನೊಂದಿಗೆ ಅಲ್ಲೇ ಧರ್ಮಶಾಲೆಯಲ್ಲಿ ಇದ್ದಳು. ಮಗುವಿನ ಕೂದಲು ಉದುರಿ, ಮತ್ತೆ ಬಂತು. ಗಾಜು ಅಂಚೆಯಲ್ಲಿ ನನಗೆ ವಾಪಸಾಯಿತು. ಚಿಕ್ಕೋಡಿಯಲ್ಲಿ ಡಾಕ್ಟರುಗಳು ಕೂಡಿದ್ದ ಒಂದು ಊಟದಲ್ಲಿ ಸರ್ಜನ್, "ನಾನ ಟೈಮಿಗೆ ಮುಂಬಯಿಗೆ ಕಳಿಸಿದೆ, ಕೂಸು ಉಳೀತು," ಎಂದು ಹೋಳಿಗೆಗೆ ತುಪ್ಪ ಹಾಕಿಸಿಕೊಂಡ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮಂದಿ, ಎಲ್ಲರೂ ತಲೆಯಾಡಿಸಿದರು. ನನಗೆ ಹೋಳಿಗೆ ಇಳಿಯಲಿಲ್ಲ.

ವರ್ಷಗಳು ಹೋದವು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಜ್ಜಿ ತೀರಿಕೊಂಡ ಸುದ್ದಿ ಬಂದು ಆಗಲೇ ಬಹಳ ದಿನವಾಗಿತ್ತು. ಒಂದು ಮಧ್ಯಾಹ್ನ ಆ ತಂದೆ ದ್ರಾಕ್ಷಿಯ ಬುಟ್ಟಿ ಹೊತ್ತು ಮೆಟ್ಟಿಲು ಹತ್ತಿ ಬಂದ. ಹಿಂದೆ ಅವಳು, ಹದಿನೇಳು ಹದಿನೆಂಟರ ಹುಡುಗಿ, ಕಾಲೇಜಿನ ಪುಸ್ತಕ ಎದೆಗೆ ಹಿಡಿದುಕೊಂಡು. ಹುಡುಗಿ ಕೂರುವ ಮೊದಲು ಕುರ್ಚಿಯನ್ನು ಕರ್ಚೀಫಿನಿಂದ ಒರೆಸಿದಳು. ನನಗೆ ನಗು ಬಂತು.

ನಗು ಬಹಳ ಹೊತ್ತು ಉಳಿಯಲಿಲ್ಲ. ತಂದೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಅಥಣಿ ಕಡೆಯಿಂದ ಒಂದು ಸಂಬಂಧ ಬಂದೈತ್ರಿ ಡಾಕ್ಟರ ಬಾಯಾರ. ಭಾರೀ ಮನಿ. ಅವರ ಪೈಕಿ ಒಬ್ಬ ಡಾಕ್ಟರ ಅದಾನ, ನಿಮ್ಮ ಕಡೆ ಕೇಳಾಕ ಬಂದ್ರೂ ಬಂದಾನು. ನನಗೇನೂ ಗೊತ್ತಿಲ್ಲ ಅಂದಬಿಡ್ರಿ. ಮತ್ತ ಆ ಕಾಜು... ಅದನ್ನ ಒಡದಬಿಡ್ರಿ."

"ಹೊಟ್ಟಿ ಮ್ಯಾಲಿನ ಗಾಯದ ಕಲೆಗೆ ಏನ ಹೇಳತೀರಿ?"

"ಅಪೆಂಡಿಕ್ಸ ಅಂತೀವ್ರಿ."

ಪಕ್ಕೆಯಿಂದ ಪಕ್ಕೆಗೆ ಹರಿದ ಕಲೆ! ಅಷ್ಟು ದೊಡ್ಡ ಅಪೆಂಡಿಕ್ಸು ಆನೆಗೂ ಇರಲಾರದು. ಬುಟ್ಟಿಯ ದ್ರಾಕ್ಷಿಯ ಮೇಲೆ ಎರಡು ಕಣಜದ ಹುಳ ಕೂತು ರಸ ಹೀರುತ್ತಿದ್ದವು. ಅದನ್ನು ನೋಡುತ್ತ ನನಗೆ ಬಾಯಿಯೆಲ್ಲ ಕಹಿಯಾಯಿತು. "ನಿಮ್ಮವ್ವ ಆ ಕಾಜನ್ನ ಸೊಂಟಕ್ಕ ಕಟ್ಟಿಕೊಂಡು ಉಪಾಸ ಹೋದ್ಲು," ಎಂದೆ. "ಆಕೀಗಿ ಹೇಸಿಗಿ ಇತ್ತು, ನಾಚಿಕಿ ಇರಲಿಲ್ಲ. ನಿಮ್ಮದು ಉಲ್ಟಾ ಐತಿ, ಬರೀ ನಾಚಿಕಿ."

ತಂದೆ ನೆಲ ನೋಡಿದ. ಅವನು ಕೆಟ್ಟವನಲ್ಲ. ಮಗಳನ್ನು ಬೇಡ ಅಂದುಬಿಟ್ಟಾರು ಎಂಬ ಹೆದರಿಕೆ ಅವನಿಗೆ ಮೈತುಂಬ ಇತ್ತು. ಅದು ಗೊತ್ತಿದ್ದೂ ನನ್ನ ಅಸಹ್ಯ ಕಡಿಮೆಯಾಗಲಿಲ್ಲ. ಆದರೆ ಗಾಜು ನನ್ನದೂ ಅಲ್ಲ, ಅವನದೂ ಅಲ್ಲವಲ್ಲ. ಕಪಾಟಿನಿಂದ ಮರದ ಪೆಟ್ಟಿಗೆ ತೆಗೆದು, ಗಾಜನ್ನು ಸೂಕ್ಷ್ಮದರ್ಶಕಕ್ಕೆ ಹಾಕಿ, "ಬಾ, ನೀನ ನೋಡು," ಎಂದು ಹುಡುಗಿಯನ್ನು ಕರೆದೆ.

ಅವಳು ಒಂದು ಕಣ್ಣು ಮುಚ್ಚಿ ಬಗ್ಗಿದಳು. ಎಷ್ಟು ಹೊತ್ತಾದರೂ ಏಳಲಿಲ್ಲ.

"ಇದು ನನ್ನ ಹೊಟ್ಟ್ಯಾಗ ಇತ್ತೇನ್ರಿ?"

"ಹೌದು."

"ಈಗ ಎಲ್ಲೈತ್ರಿ?"

"ಎಲ್ಲೂ ಇಲ್ಲ. ಈ ಕಾಜಿನ ಮ್ಯಾಲೆ ಅಷ್ಟ ಐತಿ."

ಅವಳು ಮತ್ತೆ ಬಗ್ಗಿದಳು. ಈ ಸಲ ಎದ್ದಾಗ ತಂದೆಯ ಕಡೆ ತಿರುಗಿದಳು. "ಅಪ್ಪಾ, ಇದನ್ನ ಒಡಿಸಬ್ಯಾಡ. ಹೊಟ್ಟಿ ನೋವ ಬಂದಾಗೊಮ್ಮೆ ಅದು ಎಲ್ಲೈತೋ ಅಂತ ನಾ ಅಂಜತೀನಿ, ನಿನಗ ಗೊತ್ತಿಲ್ಲ. ಇಲ್ಲಿ ಐತಿ ಅಂದ್ರ ನನ್ನೊಳಗ ಇಲ್ಲ ಅಂದಂಗ. ಕೇಳಾಕ ಬಂದವರು ಬಂದು ನೋಡಿ ಹೋಗ್ಲಿ."

ತಂದೆ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಕೆಳಗಿಳಿದು ಹೋದ. ಹುಡುಗಿ ತಾನೇ ಗಾಜನ್ನು ಎರಡು ಬೆರಳಲ್ಲಿ ಅಂಚು ಹಿಡಿದು ತೆಗೆದು, ಪೆಟ್ಟಿಗೆಯ ಸಂದಿಯಲ್ಲಿ ಇಟ್ಟು, ಮುಚ್ಚಳ ಹಾಕಿದಳು. ಆಮೇಲೆ ಆ ಎರಡು ಬೆರಳನ್ನು ಮೈಯಿಂದ ದೂರ ಹಿಡಿದುಕೊಂಡು ಸುತ್ತ ನೋಡಿದಳು.

"ಕೈ ಎಲ್ಲಿ ತೊಳಕೊಬೇಕ್ರಿ?" ಎಂದಳು.

ಮೂಲೆಯ ನಳ ತೋರಿಸಿದೆ. ಅವಳು ಒಮ್ಮೆ ತೊಳೆದು, ಕರ್ಚೀಫಿಗೆ ಒರೆಸಿಕೊಂಡು, ಮತ್ತೊಮ್ಮೆ ತೊಳೆಯತೊಡಗಿದಳು. ನಾನು ಸಾಬೂನು ಹಿಡಿದು ನನ್ನ ಸರದಿಗಾಗಿ ಅವಳ ಹಿಂದೆ ನಿಂತೆ.